ಜೀನ್ಸಿಗೆ ಗಂಜಿ

ಮೊನ್ನೆ ಭಾನುವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅಡುಗೆಮನೆಯಲ್ಲಿ ಅವ್ವ ದೊಡ್ಡ ಪಾತ್ರೆ ಇಟ್ಟುಕೊಂಡು ನಿಂತಿದ್ದಳು. ಎರಡು ಹಿಡಿ ಅಕ್ಕಿ, ಅದಕ್ಕೆ ಅರ್ಧ ಬಕೀಟು ನೀರು. ಕೊತಕೊತ ಕುದಿಯುತ್ತಿತ್ತು. ಯಾರಿಗಾದರೂ ಜ್ವರ ಬಂದಿದೆಯೇನೋ ಅಂದುಕೊಂಡು "ಯಾರಿಗವ್ವಾ ಗಂಜಿ?" ಅಂತ ಕೇಳಿದೆ.

"ಯಾರಿಗೂ ಏನೂ ಆಗಿಲ್ಲಪ್ಪ. ನಿನ್ನ ಮಗನ ಜೀನ್ಸ್ ಪ್ಯಾಂಟಿಗೆ ಗಂಜಿ ಹಾಕಬೇಕಂತ. ಅವನ ಕೇಳು ಹೋಗು" ಅಂದಳು.

ಮಗ ಸೋಫಾದ ಮೇಲೆ ಮೊಬೈಲು ಹಿಡಿದು ಕೂತಿದ್ದ. ಅಮೆರಿಕದ ಟೆಕ್ಸಾಸಿನಲ್ಲಿ ದನ ಕಾಯುವವರು, ಅಂದರೆ ಕೌಬಾಯ್‌ಗಳು, ಜೀನ್ಸಿಗೆ ಗಂಜಿ ಹಾಕಿ, ಮಧ್ಯೆ ಚಾಕುವಿನಂಥ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಾರಂತೆ. ಅಲ್ಲಿನ ಲಾಂಡ್ರಿಗಳಲ್ಲಿ ಗಂಜಿ ಹಗುರವಾಗಿ ಬೇಕೋ, ಮಧ್ಯಮವೋ, ಗಟ್ಟಿಯೋ ಅಂತ ಕೇಳಿಯೇ ಬಟ್ಟೆ ತೆಗೆದುಕೊಳ್ಳುತ್ತಾರಂತೆ. ನಿಲ್ಲಿಸಿದರೆ ಪ್ಯಾಂಟು ತಾನಾಗಿಯೇ ನಿಲ್ಲಬೇಕು, ಅದು ಗಟ್ಟಿ ಗಂಜಿಯ ಪರೀಕ್ಷೆ. "ಅಜ್ಜಿಗೆ ಬರುತ್ತೆ ಅಂತ ಗೊತ್ತಿತ್ತು ಪಪ್ಪಾ, ಕೇಳಿದೆ" ಅಂದ.

ಅವನ ಕೈಯಲ್ಲಿದ್ದ ಜೀನ್ಸನ್ನು ನೋಡಿ ನಾನು ಸುಮ್ಮನಾದೆ. ಅದು ಅವನದಲ್ಲ. ಯಾರದು ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಗಂಜಿಯ ಕಥೆ ಕೇಳಿ. ಭಾನುವಾರ ಶುರುವಾದದ್ದು ಒಂದು ವಾರ ನನ್ನ ತಲೆ ತಿಂದಿದೆ.

ಮೊದಲಿಗೆ ಮಾತಿನಿಂದಲೇ ಶುರು ಮಾಡೋಣ. ಗಂಜಿ ನಮ್ಮ ದ್ರಾವಿಡ ನುಡಿಗಳ ಸೊತ್ತು. ನಮ್ಮದು ಗಂಜಿ, ತಮಿಳರದು ಕಂಜಿ, ಮರಾಠಿಯವರದು ಕಾಂಜಿ. ಪೋರ್ಚುಗೀಸರು ಅದನ್ನೇ ಎತ್ತಿಕೊಂಡು ಹೋಗಿ ಕಾಂಜ ಅಂದರು, ಇಂಗ್ಲಿಷರು ಕಾಂಜಿ ಅಂದರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ಬ್ರಿಟಿಷರು ನಮ್ಮ ಕಡೆಯ ಮಾತುಗಳನ್ನೆಲ್ಲ ಕೂಡಿಸಿ 'ಹಾಬ್ಸನ್-ಜಾಬ್ಸನ್' ಅಂತ ಒಂದು ನಿಘಂಟು ಮಾಡಿದರು. ಅದರಲ್ಲಿ ನಮ್ಮ ಗಂಜಿಗೂ ಒಂದು ಜಾಗ ಸಿಕ್ಕಿದೆ.

ಪುಣೆಯಲ್ಲಿ ಬಟ್ಟೆಗೆ ಹಾಕುವ ಗಂಜಿಗೆ ಇನ್ನೊಂದು ಹೆಸರೂ ಇದೆ: ಖಳ. ನಾನು 1994ರಲ್ಲಿ ಇಲ್ಲಿಗೆ ಬಂದ ಹೊಸದರಲ್ಲಿ ಇಸ್ತ್ರಿಯವನು "ಖಳ ಘಾಲಾಯ್‌ಚಾ ಕಾ?" ಅಂತ ಕೇಳಿದಾಗ ಗಾಬರಿಯಾಗಿದ್ದೆ. ನಮಗೆ ಖಳ ಅಂದರೆ ವಜ್ರಮುನಿ, ತೂಗುದೀಪ ಶ್ರೀನಿವಾಸ್! ನನ್ನ ಅಂಗಿಯೊಳಗೆ ಖಳನನ್ನು ಯಾಕೆ ಹಾಕುತ್ತಾನೆ ಇವನು ಅಂತ ಯೋಚಿಸುತ್ತಾ ನಿಂತಿದ್ದೆ. ಪರಊರಲ್ಲಿ ಹೊಟ್ಟೆ ಹೊರೆಯುವವರಿಗೆ ಇಂಥವು ಒಂದೆರಡಲ್ಲ, ನಿಮಗೂ ಆಗಿರುತ್ತವೆ.

ಇನ್ನು ಗಂಜಿ ಬಟ್ಟೆಯನ್ನು ಗರಿಗರಿ ಮಾಡುವುದು ಹೇಗೆ? ಅಕ್ಕಿ, ಸಾಬೂದಾನಿ, ಮೈದಾ, ಯಾವುದಾದರೂ ಸರಿ, ಅದರಲ್ಲಿರುವುದು ಪಿಷ್ಟ. ನೀರಿನಲ್ಲಿ ಕುದಿಸಿದಾಗ ಪಿಷ್ಟದ ಕಾಳುಗಳು ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತವೆ. ಆ ಅಂಟು ಹತ್ತಿಯ ಎಳೆಗಳ ನಡುವೆ ಹೊಕ್ಕು ಕೂರುತ್ತದೆ. ಬಿಸಿ ಇಸ್ತ್ರಿ ತಾಗಿದಾಗ ಒಣಗಿ ತೆಳುವಾದ ಪೊರೆಯಾಗುತ್ತದೆ. ಹತ್ತಿಯ ನಾರೂ ಗ್ಲೂಕೋಸಿನ ಸರಪಳಿ, ಪಿಷ್ಟವೂ ಗ್ಲೂಕೋಸಿನ ಸರಪಳಿ. ದಾಯಾದಿಗಳು. ಹಾಗಾಗಿಯೇ ಹತ್ತಿಗೆ ಗಂಜಿ ಹಿಡಿದ ಹಾಗೆ ಟೆರಿಲಿನ್ನಿಗೆ ಹಿಡಿಯುವುದಿಲ್ಲ. ಇನ್ನೊಂದು ಲಾಭವೂ ಇದೆ. ಧೂಳು, ಬೆವರಿನ ಜಿಡ್ಡು ಎಲ್ಲ ಆ ಪೊರೆಗೆ ಅಂಟುತ್ತದೆ, ಮುಂದಿನ ಒಗೆತದಲ್ಲಿ ಗಂಜಿಯ ಜೊತೆಗೇ ಹೋಗುತ್ತದೆ. ಅವ್ವನಿಗೆ ಈ ವಿಜ್ಞಾನ ಹೇಳಿದರೆ "ಗಂಜಿ ಹಾಕಿದ ಅರಿವಿ ಲಗೂನ ಕೊಳಿ ಬಿಡ್ತದ, ಇದು ನಮಗ ಗೊತ್ತಿಲ್ಲೇನು" ಅನ್ನುತ್ತಾಳೆ.

ಯುರೋಪಿನಲ್ಲಿ ಗಂಜಿಗೆ ದೊಡ್ಡ ದರಬಾರು ಸಿಕ್ಕದ್ದು ಹದಿನಾರನೇ ಶತಮಾನದಲ್ಲಿ. ಆಗಿನ ಶ್ರೀಮಂತರ ಚಿತ್ರಗಳನ್ನು ನೋಡಿದ್ದೀರಲ್ಲ, ಕುತ್ತಿಗೆಯ ಸುತ್ತ ಬಂಡಿಯ ಗಾಲಿಯಷ್ಟು ದೊಡ್ಡ ನೆರಿಗೆಯ ಬಿಳಿ ಪಟ್ಟಿ? ಅದು ನಿಲ್ಲುತ್ತಿದ್ದುದೇ ಗಂಜಿಯ ಬಲದಿಂದ. 1564ರಲ್ಲಿ ಫ್ಲಾಂಡರ್ಸ್ ಕಡೆಯಿಂದ ಲಂಡನ್ನಿಗೆ ವಲಸೆ ಬಂದ ಡಿಂಗೆನ್ ಎಂಬ ಹೆಂಗಸು ಅಲ್ಲಿನ ಹೆಂಗಸರಿಗೆ ಗಂಜಿ ಹಾಕುವುದನ್ನು ಹೇಳಿಕೊಡಲು ನಾಲ್ಕೈದು ಪೌಂಡ್ ತೆಗೆದುಕೊಳ್ಳುತ್ತಿದ್ದಳಂತೆ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಊರು ಬಿಟ್ಟು ಬಂದವಳಿಗೆ ಕೈಯಲ್ಲಿದ್ದ ಒಂದು ಕಸುಬು ಹೇಗೆ ಅನ್ನ ಹಾಕಿತು ನೋಡಿ. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬಾತ ಈ ಗಂಜಿಯನ್ನು ಸೈತಾನನ ಕೆಲಸವೆಂಬಂತೆ ಪುಸ್ತಕದಲ್ಲಿ ಬೈದ. ಬೈಯುವವರು ಬೈದರು, ಹಾಕುವವರು ಹಾಕಿದರು.

ಅಂದ ಹಾಗೆ ಈ ಗಂಜಿ ಬರಿಯ ಶೋಕಿಯ ವಿಷಯವಲ್ಲ. ಅದರ ಹಿಂದೆ ಹೊಟ್ಟೆಯ ಪ್ರಶ್ನೆಯೂ ಇದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ದೊಡ್ಡವರು ತಲೆಯ ಟೋಪನ್ನಿಗೆ ಬಿಳಿ ಪುಡಿ ಉದುರಿಸಿಕೊಳ್ಳುತ್ತಿದ್ದರು. ಆ ಪುಡಿ ಹೆಚ್ಚಾಗಿ ಪಿಷ್ಟವೇ. 1795ರಲ್ಲಿ ಒಂದು ಕಡೆ ಫ್ರಾನ್ಸಿನ ಜೊತೆ ಯುದ್ಧ, ಇನ್ನೊಂದು ಕಡೆ ದವಸದ ಅಭಾವ. ಪ್ರಧಾನಿ ಪಿಟ್ ತಲೆಪುಡಿಯ ಮೇಲೆ ವರ್ಷಕ್ಕೊಂದು ಗಿನಿ ತೆರಿಗೆ ಹಾಕಿದ. ತಿನ್ನುವ ಗೋಧಿ ತಲೆಗೆ ಯಾಕೆ ಅಂತ ಜನರೂ ಕೇಳುವ ಕಾಲ ಅದು.

ನಮ್ಮ ಬಳ್ಳಾರಿಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 1876-78ರ ಬರ, ಅದೇ ಧಾತು-ಈಶ್ವರ ಸಂವತ್ಸರಗಳ ಬರ, ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಬವಣೆ ಕೊಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ ಕೂಲಿ ಅಂತ ಗೊತ್ತುಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಅಷ್ಟರಲ್ಲಿ ಇಡೀ ದಿನ ದುಡಿಯಬೇಕು. ಬರ ಬಂದಾಗೆಲ್ಲ 'ಗಂಜಿ ಕೇಂದ್ರ' ತೆರೆಯುವುದು ನಮ್ಮ ಕಡೆ ಈಗಲೂ ಬಳಕೆಯಲ್ಲಿರುವ ಮಾತು. ಒಂದೇ ಗಂಜಿ, ಬರದವರಿಗೆ ಜೀವ, ಉಳ್ಳವರಿಗೆ ಪಂಚೆಯ ಗರಿ. ಅವ್ವ ಯಾವತ್ತೂ ಗಂಜಿಗೆಂದೇ ಅಕ್ಕಿ ಕುದಿಸಿದವಳಲ್ಲ. ಅನ್ನ ಬಸಿದ ಗಂಜಿಯೇ ಬಟ್ಟೆಗೆ. ಮೊನ್ನೆಯೂ ಕುದಿಸಿ ಸೋಸಿದ ಮೇಲೆ ಉಳಿದ ಅನ್ನವನ್ನು ಚೆಲ್ಲದೆ, ಮೊಸರು ಹಾಕಿ ಒಗ್ಗರಣೆ ಕೊಟ್ಟು ಇಟ್ಟಿದ್ದಳು. ಮಧ್ಯಾಹ್ನ ಎಲ್ಲರೂ ಅದನ್ನೇ ಉಂಡೆವು.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಗೆ ಮಡಿವಾಳರ ಅಜ್ಜಿ ಒಬ್ಬಳು ಬರುತ್ತಿದ್ದಳು. ಸಂಜೆ ಹೊತ್ತು ಮನೆಮನೆಯ ಹಿತ್ತಿಲಲ್ಲಿ ನಿಂತು ಬಸಿದ ಗಂಜಿಯನ್ನು ಕೊಡದಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದಳು. ಎಲ್ಲರ ಮನೆಯ ಗಂಜಿ ಎಲ್ಲರ ಮನೆಯ ಬಟ್ಟೆಗೆ. ಆದರೆ ಅವಳು ಮಾತ್ರ ಯಾರ ಮನೆಯ ಹೊಸ್ತಿಲೂ ದಾಟುತ್ತಿರಲಿಲ್ಲ. ನಮ್ಮ ಮೈಯ ಕೊಳೆ ಒಗೆಯುವವಳು ಹೊರಗೆ, ಒಗೆಸಿಕೊಂಡವರು ಒಳಗೆ. ಹನ್ನೆರಡನೇ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆದು, ಆ ಕಾಯಕದಿಂದಲೇ ದೊಡ್ಡ ಶರಣನಾದ ಕಥೆ ಹೇಳುವ ನಾಡು ನಮ್ಮದು. ಕಥೆ ಹೇಳಿದೆವು, ಹೊಸ್ತಿಲು ಹಾಗೆಯೇ ಇಟ್ಟುಕೊಂಡೆವು.

ಇದಕ್ಕೆ ಹೊಂದುವ ಇನ್ನೊಂದು ಕಥೆ ನನ್ನ ಮನೆಯ ಹತ್ತಿರದಲ್ಲೇ ಇದೆ. ವಿಮಾನ ನಗರದಿಂದ ನಗರ ರಸ್ತೆಗೆ ಬಂದು ಯೆರವಡಾ ಕಡೆ ತಿರುಗಿದರೆ ಆಗಾ ಖಾನ್ ಅರಮನೆ. 1892ರಲ್ಲಿ ಮೂರನೇ ಆಗಾ ಖಾನ್ ಕಟ್ಟಿಸಿದ್ದು. 1942ರ ಆಗಸ್ಟಿನಿಂದ 1944ರ ಮೇ ತನಕ ಗಾಂಧೀಜಿಯನ್ನು ಇಲ್ಲಿ ಸೆರೆಯಲ್ಲಿಟ್ಟಿದ್ದರು. ಮಹಾದೇವ ದೇಸಾಯಿ 1942ರ ಆಗಸ್ಟ್ 15ರಂದು, ಕಸ್ತೂರಬಾ 1944ರ ಫೆಬ್ರುವರಿ 22ರಂದು ತೀರಿಕೊಂಡದ್ದು ಇಲ್ಲಿಯೇ. ಇಬ್ಬರ ಸಮಾಧಿಯೂ ಇಲ್ಲೇ ಇವೆ. ಊರಿನಿಂದ ನೆಂಟರು ಬಂದರೆ ನಾನು ತಪ್ಪದೇ ಕರೆದುಕೊಂಡು ಹೋಗುವ ಜಾಗ.

ಈ ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ಮನೆಯಲ್ಲೇ ಗಂಜಿ ಹಾಕಲು ಹೋಗಿ ಪೇಚಿಗೆ ಸಿಕ್ಕಿದ್ದನ್ನು ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ಅಗಸನ ಬಿಲ್ಲು ಜಾಸ್ತಿ, ಹೊತ್ತಿಗೆ ಬಟ್ಟೆ ಬರುವುದಿಲ್ಲ, ಎರಡು ಮೂರು ಡಜನ್ ಅಂಗಿ ಕಾಲರುಗಳಿದ್ದರೂ ಸಾಲದು. ಸರಿ, ಒಗೆಯುವುದರ ಬಗ್ಗೆ ಒಂದು ಪುಸ್ತಕ ತಂದು ಓದಿ ತಾವೂ ಕಲಿತರು, ಕಸ್ತೂರಬಾಗೂ ಕಲಿಸಿದರು. ಮೊದಲ ಸಲ ಕಾಲರಿಗೆ ಗಂಜಿ ಹೆಚ್ಚಾಯಿತು. ಇಸ್ತ್ರಿ ಸಾಕಷ್ಟು ಕಾದಿರಲಿಲ್ಲ, ಬಟ್ಟೆ ಸುಟ್ಟೀತೆಂದು ಒತ್ತಲೂ ಇಲ್ಲ. ಅದನ್ನೇ ಹಾಕಿಕೊಂಡು ಕೋರ್ಟಿಗೆ ಹೋದರೆ ಕಾಲರಿನಿಂದ ಗಂಜಿ ಉದುರುತ್ತಿದೆ! ಜೊತೆಯ ವಕೀಲರೆಲ್ಲ ನಕ್ಕರು. ಇದು ನನ್ನ ಮೊದಲ ಪ್ರಯೋಗ, ಗಂಜಿ ಉದುರಿದರೆ ನನಗೇನೂ ತೊಂದರೆಯಿಲ್ಲ, ನಿಮಗೂ ನಗಲು ಸಿಕ್ಕಿತಲ್ಲ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಆ ನಗು ಅವರಿಗೆ ತಟ್ಟಲೇ ಇಲ್ಲ.

ಈ ಕಥೆಯ ಕೊನೆಗೆ ಪುಣೆಯೂ ಬರುತ್ತದೆ. 1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅವರ ಬಳಿ ಒಂದು ಉತ್ತರೀಯವಿತ್ತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಕೊಟ್ಟಿದ್ದು. ರಾನಡೆಯವರು 1901ರಲ್ಲೇ ತೀರಿಕೊಂಡಿದ್ದರು, ಹಾಗಾಗಿ ಗೋಖಲೆಯವರಿಗೆ ಅದು ಜೀವ. ಜೋಹಾನ್ಸ್‌ಬರ್ಗಿನ ಔತಣಕ್ಕೆ ಅದನ್ನು ಹೊದೆಯಬೇಕು, ಮುದುರಿಹೋಗಿದೆ, ಲಾಂಡ್ರಿಗೆ ಕಳಿಸುವಷ್ಟು ಹೊತ್ತಿಲ್ಲ. ಗಾಂಧೀಜಿ ನಾನು ಇಸ್ತ್ರಿ ಮಾಡುತ್ತೇನೆ ಅಂದರು. ನಿನ್ನ ವಕೀಲಿಕೆ ನಂಬುತ್ತೇನೆ, ಅಗಸತನ ನಂಬಲಾರೆ ಅನ್ನುವುದು ಗೋಖಲೆಯವರ ಭಾವ. ಕೊನೆಗೆ ಗಾಂಧೀಜಿ ಹಟ ಮಾಡಿ ಇಸ್ತ್ರಿ ಮಾಡಿ, ಚೆನ್ನಾಗಾಗಿದೆ ಅಂತ ಅವರಿಂದಲೇ ಅನ್ನಿಸಿಕೊಂಡರು. ಪುಣೆಯ ಇಬ್ಬರು ದೊಡ್ಡವರ ನಡುವಿನ ಒಂದು ತುಂಡು ಬಟ್ಟೆ, ಅದರ ಮೇಲೆ ಮೂರನೆಯವರ ಇಸ್ತ್ರಿ. ಇದನ್ನು ಓದಿದಾಗೆಲ್ಲ ನನಗೆ ಬೇರೆ ಒಂದು ನೆನಪು ಬಂದು ಚುಚ್ಚುತ್ತದೆ. ಅದಕ್ಕೆ ಬರುತ್ತೇನೆ, ಆದರೆ ಅದಕ್ಕೂ ಮೊದಲು ಜೀನ್ಸಿನ ಮಾತು.

ಜೀನ್ಸು ಅಮೆರಿಕದ್ದು ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಅದರ ಹೆಸರಿನಲ್ಲಿ ಅಮೆರಿಕವೇ ಇಲ್ಲ. ಜೀನ್ ಅಂದರೆ ಇಟಲಿಯ ಜಿನೋವಾ ಬಂದರಿನಿಂದ ಬಂದ ಬಟ್ಟೆ, ಡೆನಿಮ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ನೀಮ್ ಊರಿದೆ. ಇವೆರಡರ ಮೂರನೇ ಅಣ್ಣ ಡಂಗರಿ, ಅದು ನಮ್ಮ ಮುಂಬಯಿಯ ಡೋಂಗ್ರಿಯದು. ಆ ದಪ್ಪ ಹತ್ತಿ ಬಟ್ಟೆ ಹಡಗು ಹತ್ತಿ ಹೋಗಿ ನಾವಿಕರ, ಕೂಲಿಗಳ ಉಡುಪಾಯಿತು. ಮೂರೂ ದುಡಿಯುವವರ ಬಟ್ಟೆಗಳೇ.

ಈಗಿನ ಜೀನ್ಸಿನ ಹುಟ್ಟು 1873ರ ಮೇ 20ರಂದು ಅಂತ ಲೆಕ್ಕ. ಅವತ್ತು ಪ್ಯಾಂಟಿನ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆಯುವುದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಲೆವಿ ಸ್ಟ್ರಾಸ್ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದನ್ನು ಕಂಡುಹಿಡಿದವನು ಜೇಕಬ್ ಡೇವಿಸ್ ಎಂಬ ದರ್ಜಿ. ಹುಟ್ಟಿದ್ದು ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ರೀಗಾದಲ್ಲಿ, ಹೊಟ್ಟೆ ಹೊರೆದದ್ದು ನೆವಾಡಾದ ರೀನೋ ಊರಿನಲ್ಲಿ. ಸೌದೆ ಕಡಿಯುವವನೊಬ್ಬನ ಹೆಂಡತಿ, ಗಂಡನ ಪ್ಯಾಂಟು ನಿಲ್ಲುವುದೇ ಇಲ್ಲ, ಗಟ್ಟಿಯಾಗಿ ಹೊಲಿದುಕೊಡು ಅಂದಳು. ಕುದುರೆ ಕಂಬಳಿಗೆ ಹೊಡೆಯುತ್ತಿದ್ದ ರಿವೆಟ್ಟನ್ನೇ ಈತ ಜೇಬಿಗೆ ಹೊಡೆದ. ಪೇಟೆಂಟಿಗೆ ದುಡ್ಡು ಸಾಲದೆ, ತನಗೆ ಬಟ್ಟೆ ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ 1872ರಲ್ಲಿ ಕಾಗದ ಬರೆದ. ಸ್ಟ್ರಾಸ್ ಕೂಡ ಬವೇರಿಯಾದಿಂದ ಬಂದ ವಲಸಿಗನೇ. ಹೆಸರು ವ್ಯಾಪಾರಿಯದು ಉಳಿಯಿತು, ದರ್ಜಿಯದು ಒಳಗಿನ ಹೊಲಿಗೆಯ ಹಾಗೆ ಕಾಣದೇ ಹೋಯಿತು.

ಆ ಪ್ಯಾಂಟಿನ ನೀಲಿಗೂ ನಮ್ಮ ನೆಲಕ್ಕೂ ಸಂಬಂಧವಿದೆ. 1859-60ರಲ್ಲಿ ಬಂಗಾಳದ ರೈತರು ನೀಲಿ ಬೆಳೆಯುವುದಿಲ್ಲ ಅಂತ ದಂಗೆ ಎದ್ದರು. ಚಂಪಾರಣ್ಯದಲ್ಲಿ ಇಪ್ಪತ್ತು ಕಟ್ಠಾ ಹೊಲದಲ್ಲಿ ಮೂರು ಕಟ್ಠಾ ನೀಲಿಗೇ ಬಿಡಬೇಕಿತ್ತು, 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. ಅಷ್ಟರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯ ಕೃತಕ ನೀಲಿ 1897ರಿಂದಲೇ ಮಾರುಕಟ್ಟೆಗೆ ಬಂದು ಗಿಡದ ನೀಲಿಯ ಕಥೆ ಮುಗಿಯುತ್ತಾ ಬಂದಿತ್ತು. ಇಂದಿನ ಜೀನ್ಸಿನದು ಆ ಕೃತಕ ನೀಲಿಯೇ. ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕಿನ ನೂಲು ಬಿಳಿ. ಆ ಹಾಸಿನ ನೂಲಿನಲ್ಲೂ ಬಣ್ಣ ಮೇಲ್ಮೈಗೆ ಹಿಡಿದಿರುತ್ತದೆ, ತಿರುಳು ಬೆಳ್ಳಗೆ ಉಳಿಯುತ್ತದೆ. ಮೊಣಕಾಲು, ತೊಡೆಯ ಹತ್ತಿರ ಜೀನ್ಸ್ ಬೆಳ್ಳಗಾಗುವುದು ಅದಕ್ಕೇ.

ಈಗ ನಮ್ಮೂರಿಗೆ ಬರೋಣ. ಬಳ್ಳಾರಿ 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲದ ಊರು. ದೊಡ್ಡ ಸೈನ್ಯದ ದಂಡು ಅಲ್ಲಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕರ ಸಮವಸ್ತ್ರ ಹೊಲಿಯಲು ಈಗಿನ ಮಹಾರಾಷ್ಟ್ರದ ಕಡೆಯಿಂದ ದರ್ಜಿಗಳು, ರಂಗಾರಿಗಳು ಬಂದು ನೆಲೆಸಿದರು ಅಂತ ಊರಿನಲ್ಲಿ ಹೇಳುತ್ತಾರೆ. ಇಂಗ್ಲಿಷರು ಹೋದರು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದರೆ ದರ್ಜಿಗಳು ಅಲ್ಲೇ ಉಳಿದರು. ಶಾಲೆಯ ಸಮವಸ್ತ್ರ ಹೊಲಿದರು. ಆಮೇಲೆ ಜೀನ್ಸ್ ಹಿಡಿದರು. ಈಗ ಬಳ್ಳಾರಿ ಜೀನ್ಸ್ ಅಂದರೆ ದೇಶಕ್ಕೇ ಗೊತ್ತು. 2023ರ ಚುನಾವಣೆಯಲ್ಲಿ ಜೀನ್ಸ್ ಪಾರ್ಕ್ ಮಾಡುತ್ತೇವೆ ಎಂಬ ಮಾತು ವೇದಿಕೆಯನ್ನೂ ಹತ್ತಿತು.

ನಮ್ಮಪ್ಪ ಅಂಥ ಒಬ್ಬ ಮರಾಠಿ ದರ್ಜಿಯ ಹತ್ತಿರ ಕಸುಬು ಕಲಿತವನು. ಅವರನ್ನು ನಾವು ಮಾಸ್ತರರು ಅನ್ನುತ್ತಿದ್ದೆವು. ಕೌಲ್ ಬಜಾರಿನ ಅವರ ಅಂಗಡಿಯ ಜಗಲಿಯ ಮೇಲೆ ನಾನು ಮರಾಠಿಯ ಮೊದಲ ನಾಲ್ಕು ಮಾತು ಕಲಿತದ್ದು. ಅವರ ಹಿರಿಯರು ಈ ಕಡೆಯಿಂದ ಆ ಕಡೆ ಹೋದರು, ನಾನು ಆ ಕಡೆಯಿಂದ ಈ ಕಡೆ ಬಂದೆ. ಲೆಕ್ಕ ಸರಿಹೋಯಿತು. ಅಪ್ಪ ಖಾಕಿ ಹೊಲಿದ, ಶಾಲೆಯ ನೀಲಿ ಚಡ್ಡಿ ಹೊಲಿದ, ಎಂಬತ್ತರ ದಶಕದ ಕೊನೆಯಿಂದ ಜೀನ್ಸ್ ಜಾಬ್‌ವರ್ಕ್ ಮಾಡಿದ. ಪೀಸಿಗೆ ಇಷ್ಟು ಅಂತ. ದಿನವಿಡೀ ಹೊಲಿದರೆ ಬೆರಳ ಸಂದಿಯೆಲ್ಲ ನೀಲಿ. ರಾತ್ರಿ ಊಟಕ್ಕೆ ಕೂತರೆ ಅನ್ನದ ಅಂಚಿಗೂ ನೀಲಿ ತಾಗುತ್ತಿತ್ತು. ಸಾವಿರಾರು ಜೀನ್ಸ್ ಹೊಲಿದವನು ಒಂದನ್ನೂ ಹಾಕಿಕೊಳ್ಳಲಿಲ್ಲ. "ಹೊಲಿಯೋದು ನನ್ನ ಕಸುಬು, ಹಾಕ್ಕೊಳ್ಳೋದು ಹುಡುಗರ ಕೆಲಸ" ಅನ್ನುತ್ತಿದ್ದ.

1995ರಲ್ಲಿ ಅರವಿಂದ್ ಮಿಲ್‌ನವರು ರಫ್ ಅಂಡ್ ಟಫ್ ಅಂತ ಒಂದು ಹೊಸ ಸಾಮಾನು ಬಿಟ್ಟರು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೊಲಿದ ಪ್ಯಾಂಟಲ್ಲ, ಒಂದು ಪ್ಯಾಕೆಟ್. ಅದರಲ್ಲಿ ಡೆನಿಮ್ ಬಟ್ಟೆ, ಜಿಪ್ಪು, ರಿವೆಟ್, ಹಿಂದಕ್ಕೆ ಹಚ್ಚುವ ಪಟ್ಟಿ. 200 ರೂಪಾಯಿಯ ಒಳಗೆ. ತಂದು ನಿಮ್ಮೂರ ದರ್ಜಿಯ ಹತ್ತಿರ ಹೊಲಿಸಿಕೊಳ್ಳಿ ಅಂತ. ಊರೂರ ದರ್ಜಿಗಳನ್ನು ಬಿಟ್ಟು ಈ ದೇಶದಲ್ಲಿ ಪ್ಯಾಂಟು ಮಾರಲಾಗುವುದಿಲ್ಲ ಅಂತ ಒಂದು ದೊಡ್ಡ ಮಿಲ್ಲಿಗೆ ತಿಳಿದ ಕಾಲ ಅದು. ನಾನು ನನ್ನ ಬೋನಸ್ಸಿನಲ್ಲಿ ಎರಡು ಪ್ಯಾಕೆಟ್ ಕೊಂಡು ದೀಪಾವಳಿಗೆ ಊರಿಗೆ ಒಯ್ದೆ. ಒಂದು ನನಗೆ, ಇನ್ನೊಂದು ನೀನು ಹೊಲಿದುಕೊಂಡು ಹಾಕಲೇಬೇಕು ಅಂತ ಅಪ್ಪನಿಗೆ. ಅಪ್ಪ ಎರಡನ್ನೂ ಹೊಲಿದ. ದಪ್ಪ ಹೊಲಿಗೆ ಕೂಡುವ ಕಡೆ ಸೂಜಿ ಮುರಿಯದಂತೆ ಸುತ್ತಿಗೆಯಲ್ಲಿ ಬಡಿದು ಬಡಿದು ತೆಳ್ಳಗೆ ಮಾಡಿದ. ತನ್ನದನ್ನು ಟ್ರಂಕಿನಲ್ಲಿಟ್ಟ.

1998ರಲ್ಲಿ ಇಲ್ಲಿ ವಿಮಾನ ನಗರದಲ್ಲಿ ಈ ಮನೆ ತೆಗೆದುಕೊಂಡೆ. ಆಗ ಈ ಕಡೆ ಅರ್ಧ ಖಾಲಿ ಪ್ಲಾಟುಗಳೇ. ರಾತ್ರಿ ಲೋಹಗಾಂವ್ ಕಡೆಯಿಂದ ವಾಯುಪಡೆಯ ವಿಮಾನದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾಲು, ಐಟಿ ಪಾರ್ಕು ಎಲ್ಲ ಆಮೇಲೆ ಬಂದವು. ಗೃಹಪ್ರವೇಶಕ್ಕೆ ಆಫೀಸಿನವರನ್ನೆಲ್ಲ ಕರೆದಿದ್ದೆ. ಅವತ್ತು ಅಪ್ಪ ಒಳಗಿನ ಕೋಣೆಯಿಂದ ಹೊರಗೆ ಬಂದ. ಬಿಳಿ ಅಂಗಿ, ಕೆಳಗೆ ಆ ಜೀನ್ಸ್. ಅವ್ವ ಅದಕ್ಕೆ ಗಂಜಿ ಹಾಕಿದ್ದಳು. ಮಧ್ಯೆ ಗೆರೆ ಬರುವ ಹಾಗೆ ಖಡಕ್ ಇಸ್ತ್ರಿ. ಅಪ್ಪನ ಪ್ರಕಾರ ಗೆರೆ ಇಲ್ಲದ್ದು ಪ್ಯಾಂಟೇ ಅಲ್ಲ, ಜೋತುಬಿದ್ದದ್ದನ್ನು ಹಾಕಿಕೊಂಡು ಮಗನ ಮನೆಯ ಶುಭಕಾರ್ಯದಲ್ಲಿ ನಿಲ್ಲುವುದು ಹೇಗೆ? ನಡೆದರೆ ಬಟ್ಟೆ ಕರಕರ ಅನ್ನುತ್ತಿತ್ತು.

ಆಫೀಸಿನ ಇಬ್ಬರು ನೋಡಿ ಮುಸಿಮುಸಿ ನಕ್ಕರು. ನನ್ನ ಮುಖ ಕೆಂಪಾಯಿತು. ಒಳಗೆ ಕರೆದುಕೊಂಡು ಹೋಗಿ "ಅಪ್ಪಾ, ಜೀನ್ಸಿಗೆ ಯಾರೂ ಇಸ್ತ್ರಿ ಮಾಡಲ್ಲ, ಬೇರೆ ಪ್ಯಾಂಟು ಹಾಕ್ಕೋ" ಅಂದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಬದಲಾಯಿಸಿಕೊಂಡು ಬಂದು ಎಲೆ ಹಾಕುವುದಕ್ಕೆ ನಿಂತ. ಆ ಜೀನ್ಸನ್ನು ಮತ್ತೆಂದೂ ಹಾಕಲಿಲ್ಲ. 2011ರಲ್ಲಿ ಅಪ್ಪ ಹೋದ. ಟ್ರಂಕಿನ ಜೊತೆ ಆ ಜೀನ್ಸೂ ಪುಣೆಗೆ ಬಂತು. ಮೊನ್ನೆ ನನ್ನ ಮಗನ ಕೈಯಲ್ಲಿದ್ದದ್ದು ಅದೇ. ಅವನ ಸೊಂಟಕ್ಕೆ ಸರಿಯಾಗಿ ಕೂರುತ್ತದೆ.

ಗಂಜಿ ಉದುರುವ ಕಾಲರಿಗೆ ನಕ್ಕರೆ ಗಾಂಧೀಜಿ ತಾವೂ ನಕ್ಕರು. ನನ್ನಪ್ಪನ ಗರಿಗರಿ ಜೀನ್ಸಿಗೆ ನಕ್ಕರೆ ನಾನು ಅಪ್ಪನನ್ನೇ ಒಳಗೆ ಕಳಿಸಿದೆ. ಚುಚ್ಚುವ ನೆನಪು ಅಂದೆನಲ್ಲ, ಇದೇ.

ತಮಾಷೆ ಏನೆಂದರೆ, ಅಪ್ಪನದು ಸರಿಯಾಗಿಯೇ ಇತ್ತು. ಟೆಕ್ಸಾಸಿನ ಮಾತು ಬಿಡಿ. 1947ರಲ್ಲಿ ರ‍್ಯಾಂಗ್ಲರ್ ಕಂಪನಿಯವರು ರೋಡಿಯೋ ಬೆನ್ ಎಂಬ ದರ್ಜಿಯನ್ನು ಹಿಡಿದು ಕೌಬಾಯ್‌ಗಳಿಗೆಂದೇ ಜೀನ್ಸ್ ಮಾಡಿಸಿದರು. ಅಂಥ ಜೀನ್ಸಿಗೆ ಗಂಜಿ ಹಾಕಿ, ಗೆರೆ ಕೂರಿಸಿ, ಹಬ್ಬಕ್ಕೂ ಚರ್ಚಿಗೂ ಹಾಕಿಕೊಂಡು ಹೋಗುವುದು ಅಲ್ಲಿ ಮರ್ಯಾದೆಯ ಲಕ್ಷಣ. ವಾರವೆಲ್ಲ ಅದೇ ಬಟ್ಟೆಯಲ್ಲಿ ಸಗಣಿ ಧೂಳಿನಲ್ಲಿ ದುಡಿದವನು ಭಾನುವಾರ ಅದನ್ನೇ ಗರಿಗರಿ ಮಾಡಿ ತಲೆಯೆತ್ತಿ ನಿಲ್ಲುತ್ತಾನೆ. ಅಪ್ಪ ಮಾಡಿದ್ದೂ ಅಷ್ಟೇ.

ಇನ್ನೂ ಒಂದು ಮಾತಿದೆ. ಜೀನ್ಸಿಗೆ ಗಂಜಿ ಹೊಸದೇ ಅಲ್ಲ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಗಂಜಿ ಹಾಕಲೇಬೇಕು, ಇಲ್ಲದಿದ್ದರೆ ಉಜ್ಜಿ ಉಜ್ಜಿ ನೂಲು ಹರಿಯುತ್ತದೆ. ನಮ್ಮ ಇಳಕಲ್ಲಿನ ನೇಕಾರರಿಗೂ ಇದು ಗೊತ್ತು, ಢಾಕಾದ ಮಸ್ಲಿನ್ ನೇಯುತ್ತಿದ್ದವರಿಗೂ ಗೊತ್ತಿತ್ತು, ಅವರು ಅರಳಿನ ಗಂಜಿ ಬಳಸುತ್ತಿದ್ದರು. ಕನ್ನಡದವರೂ ತುಂಬ ಇರುವ ಇಚಲಕರಂಜಿಯಲ್ಲಿ ಇದಕ್ಕೆಂದೇ 'ಸೈಜಿಂಗ್' ಕಾರ್ಖಾನೆಗಳಿವೆ. ಡೆನಿಮ್ಮಿಗೂ ಅದೇ ಕ್ರಮ. ಹೊಸ, ಒಗೆಯದ ಜೀನ್ಸ್ ರಟ್ಟಿನ ಹಾಗಿರುವುದು ಆ ಗಂಜಿಯಿಂದ. 1833ರಲ್ಲಿ ಫ್ರಾನ್ಸಿನ ಪೇಯೆನ್ ಮತ್ತು ಪೆರ್ಸೋ ಎಂಬಿಬ್ಬರು ಮೊಳಕೆ ಕಾಳಿನಲ್ಲಿ ಗಂಜಿಯನ್ನು ಕರಗಿಸುವ ಒಂದು ಕಿಣ್ವ ಕಂಡರು. ನಮ್ಮ ಎಂಜಲಿನಲ್ಲೂ ಆ ಜಾತಿಯದೇ ಇದೆ, ಅನ್ನ ಅಗಿದಷ್ಟೂ ಸಿಹಿಯಾಗುವುದು ಅದಕ್ಕೇ. ಬಟ್ಟೆಯ ಗಂಜಿ ತೆಗೆಯಲು ಈಗ ಬ್ಯಾಕ್ಟೀರಿಯಾದಿಂದ ಪಡೆದ ಅಂಥದೇ ಕಿಣ್ವ ಬಳಸುತ್ತಾರೆ. ಅಂದರೆ ಮಿಲ್ಲಿನವರು ಗಂಜಿ ಹಾಕುತ್ತಾರೆ, ವಾಷಿಂಗ್ ಘಟಕದವರು ತೆಗೆಯುತ್ತಾರೆ, ನಮ್ಮವ್ವ ಮತ್ತೆ ಹಾಕುತ್ತಾಳೆ! ಆ ತೆಗೆಯುವ, ಕಲ್ಲಿನಲ್ಲಿ ಉಜ್ಜಿ ಹಳತು ಮಾಡುವ ಕೆಲಸಕ್ಕೆ ಎಷ್ಟು ನೀರು ಬೇಕು, ಆಮೇಲೆ ಆ ನೀಲಿ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದು ನೀರಿಗೆ ಬರವಿರುವ ಬಳ್ಳಾರಿಯಂಥ ಊರಿಗೆ ಸಣ್ಣ ಪ್ರಶ್ನೆಯಲ್ಲ. ಹೊಸ ಪ್ಯಾಂಟು ಹಳೆಯದಾಗಿ ಕಾಣಲಿ ಅಂತ ಊರಿನ ನೀರು ಕೆಡಿಸಿಕೊಳ್ಳುವುದಕ್ಕಿಂತ, ಹಳೆಯದು ಹೊಸದಾಗಿ ಕಾಣಲಿ ಅಂತ ಎರಡು ಹಿಡಿ ಅಕ್ಕಿ ಕುದಿಸುವುದು ಮೇಲಲ್ಲವೇ?

ಇಷ್ಟಾದ ಮೇಲೆ ಅವ್ವನ ವಿಧಾನವನ್ನೂ ಹೇಳಿಬಿಡುತ್ತೇನೆ. ಅಕ್ಕಿ ಚೆನ್ನಾಗಿ ಬೆಂದು ನೀರು ಹಾಲಿನ ಹಾಗಾದ ಮೇಲೆ ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಗಂಟು ಉಳಿದರೆ ಕಡು ಬಣ್ಣದ ಮೇಲೆ ಬಿಳಿ ಕಲೆ. ಮೂರು ಪಾಲು ತಣ್ಣೀರು ಬೆರೆಸಬೇಕು. ಜೀನ್ಸನ್ನು ಒಳಮಗ್ಗಲು ಹೊರಗೆ ಮಾಡಿ, ಮೊದಲು ಬರೀ ನೀರಿನಲ್ಲಿ ನೆನೆಸಿ, ಆಮೇಲೆ ಗಂಜಿಯಲ್ಲಿ ಅದ್ದಬೇಕು. ಜೋರಾಗಿ ಹಿಂಡಬಾರದು, ನೆರಳಲ್ಲಿ ಹರವಬೇಕು. ಪೂರ್ತಿ ಒಣಗುವ ಮೊದಲೇ, ಇಲ್ಲವೇ ನೀರು ಚಿಮುಕಿಸಿ, ಚೆನ್ನಾಗಿ ಕಾದ ಇಸ್ತ್ರಿ ಎಳೆಯಬೇಕು. ಮಳೆಗಾಲದಲ್ಲಿ ಬೇಡ, ಪುಣೆಯ ಮಳೆಗೆ ಮುಗ್ಗಲು ವಾಸನೆ ಗ್ಯಾರಂಟಿ. ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿಡಲೂ ಬಾರದು, ಜಿರಳೆಗೆ ಹಬ್ಬ.

ಸಂಜೆ ಇಸ್ತ್ರಿ ನಾನೇ ಮಾಡಿದೆ. ಎರಡು ಹೊಲಿಗೆ ಕೂಡುವ ಕಡೆ ಅಪ್ಪ ಸುತ್ತಿಗೆಯಲ್ಲಿ ಬಡಿದ ಜಾಗ ಇನ್ನೂ ತೆಳ್ಳಗೇ ಇತ್ತು, ಇಸ್ತ್ರಿ ಎಲ್ಲೂ ತೊಡರಲಿಲ್ಲ. ಮೊದಲ ಗೆರೆ ಸೊಟ್ಟ ಬಂತು. ಅವ್ವ ಪಕ್ಕದಲ್ಲೇ ಕೂತು "ಹೊಲಿಗಿ ಮ್ಯಾಲೆ ಹೊಲಿಗಿ ಕೂಡಿಸು, ಆಮ್ಯಾಲೆ ಎಳಿ. ನಿಮ್ಮಪ್ಪ ಹಂಗ ಮಾಡ್ತಿದ್ದ" ಅಂದಳು. ಹಾಗೆ ಮಾಡಿದೆ, ಗೆರೆ ನೆಟ್ಟಗೆ ಕೂತಿತು.

ಮಗ ಹಾಕಿಕೊಂಡು ದತ್ತ ಮಂದಿರ ಚೌಕದ ಕಡೆ ಗೆಳೆಯರನ್ನು ನೋಡಲು ಹೊರಟ. ಮೆಟ್ಟಿಲಿಳಿಯುವಾಗ ಬಟ್ಟೆ ಕರಕರ ಅನ್ನುತ್ತಿತ್ತು. ಯಾರಾದರೂ ನಕ್ಕರೆ ಏನು ಹೇಳುತ್ತೀಯ ಅಂತ ಕೇಳಿದೆ. "ನಮ್ಮಜ್ಜ ಹೊಲಿದದ್ದು, ಅಜ್ಜಿ ಗಂಜಿ ಹಾಕಿದ್ದು ಅಂತೀನಿ" ಅಂದ.

ನನಗೆ ಅವತ್ತು ಆ ಉತ್ತರ ಹೊಳೆದಿರಲಿಲ್ಲ.